ಕೆಂಚನ ಜೊಲ್ಲು

ನವೆಂಬರ್ 9, ಭಾನುವಾರ

ಇವತ್ತೂ ಮಗನ ಕೈಮೇಲೆ ದದ್ದು ಎದ್ದಿತು. ರಜೆಯ ದಿನ, ಬೆಳಿಗ್ಗೆಯಿಂದ ಕೆಂಚನ ಜೊತೆ ಅಂಗಳದಲ್ಲೇ ಇದ್ದ. ಕೆಂಚ ಅವನ ಎಡಗೈಯನ್ನು ನೆಕ್ಕುತ್ತಿದ್ದುದನ್ನು ಕಣ್ಣಾರೆ ನೋಡಿದ್ದೆ. ಒಳಗೆ ಹೋಗಿ ಅನ್ನ ಬಸಿದು ಬರುವಷ್ಟರಲ್ಲಿ ಅದೇ ಜಾಗ ಕೆಂಪಾಗಿ, ಹತ್ತಾರು ಸೊಳ್ಳೆ ಒಟ್ಟಿಗೆ ಕಚ್ಚಿದ ಹಾಗೆ ಉಬ್ಬಿಕೊಂಡಿತ್ತು. ಬಲಗೈಯಲ್ಲಿ ಏನೂ ಇಲ್ಲ. ಮರಿಯಾಗಿದ್ದಾಗಿನಿಂದ ಜೊತೆಗೇ ಬೆಳೆದ ನಾಯಿ. ಈ ಮಳೆಗಾಲದವರೆಗೂ ಹೀಗಾದದ್ದಿಲ್ಲ.

ಅತ್ತೆ "ಪಿತ್ತದ ಗಂಧೆ ಕಣೆ" ಎಂದು ಮುರುಗಲು ಸಿಪ್ಪೆ ನೆನೆಸಿ ಹಚ್ಚಿದರು. ಕಂಬಳಿಯಲ್ಲಿ ಉಜ್ಜಲು ಹೊರಟಾಗ ಮಾತ್ರ ನಾನು ಬೇಡ ಅಂದೆ. ಕೆರಳಿದ ಚರ್ಮವನ್ನು ಉಜ್ಜಿದರೆ ತುರಿಕೆ ಹೆಚ್ಚಾಗುತ್ತದೆ. ಊಟ ಮುಗಿಯುವ ಹೊತ್ತಿಗೆ ದದ್ದು ಇಳಿದು, ಗುರುತೂ ಉಳಿಯಲಿಲ್ಲ.

ನವೆಂಬರ್ 12, ಬುಧವಾರ

ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ ನಾಯಿಯ ಕೂದಲನ್ನೇ ಬೈದರು. ನೆಕ್ಕಿದ ಕಡೆ ಮಾತ್ರ ಏಕೆ ಏಳುತ್ತದೆ ಎಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ.

ಸಂಜೆ ಇವರು ಪೇಟೆಯಿಂದ ಒಂದು ಟ್ಯೂಬು ತಂದರು. ಅಂಗಡಿಯವನು ಕೇಳದೆಯೇ ಕೊಟ್ಟನಂತೆ. ಓದಿ ನೋಡಿದೆ: ಸ್ಟೀರಾಯ್ಡು, ಹುಳುಕಡ್ಡಿಯ ಔಷಧ, ಆ್ಯಂಟಿಬಯೋಟಿಕ್ ಮೂರೂ ಒಂದರಲ್ಲೇ. ಬಹುತೇಕ ಸ್ಟೀರಾಯ್ಡು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರ 2018ರಲ್ಲೇ ಹೇಳಿದೆ. ಹೀಗೆ ಸಿಕ್ಕದ್ದನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾದವರನ್ನು, ಮದ್ದಿಗೆ ಬಗ್ಗದ ಹುಳುಕಡ್ಡಿಯಿಂದ ನರಳುವವರನ್ನು ನಮ್ಮ ಊರಿನಲ್ಲೇ ಕಂಡಿದ್ದೇನೆ. ಒಂದು ಗಂಟೆಯಲ್ಲಿ ತಾನಾಗಿ ಇಳಿಯುವ ದದ್ದಿಗೆ ಇದನ್ನು ಮಗುವಿಗೆ ಹಚ್ಚಲು ನಾನು ಬಿಡುವುದಿಲ್ಲ.

ನವೆಂಬರ್ 17, ಸೋಮವಾರ

ರಾತ್ರಿ ನಿದ್ದೆಯಲ್ಲಿ ತುರಿಸಿಕೊಂಡು ಮುಂಗೈಯಲ್ಲಿ ಉಗುರಿನ ಗೀರು ಎದ್ದಿದೆ, ಸಣ್ಣಗೆ ರಕ್ತ. ಮೊಣಕೈ ಮಡಿಕೆಯಲ್ಲಿ ಮೊದಲಿನಿಂದಲೂ ಒಣ ಇಸುಬು ಇದೆ, ಚಳಿ ಶುರುವಾದರೆ ಅದು ಬಿರಿಯುತ್ತದೆ. ದದ್ದಿಗಿಂತ ನನಗೆ ಭಯ ಇದರದ್ದೇ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ರೇಬಿಸ್ ಲಸಿಕೆ ಬೇಕಿಲ್ಲ, ಸೋಪು ಹಾಕಿ ತೊಳೆದರೆ ಸಾಕು. ಒಡೆದ ಚರ್ಮಕ್ಕೆ, ಕಣ್ಣು ಬಾಯಿಗೆ ಜೊಲ್ಲು ತಾಗಿದರೆ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಆಳವಾದ ಕಡಿತದ ಸಾಲಿಗೇ, ಮೂರನೇ ವರ್ಗಕ್ಕೇ ಸೇರಿಸಿದೆ. ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಕೆಂಚನಿಗೆ ವರ್ಷ ವರ್ಷವೂ ಪಶು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿದ್ದೇವೆ, ಕಾರ್ಡೂ ಇದೆ. ಆದರೆ ಬೀದಿಯಲ್ಲಿ ಸಿಕ್ಕ ಮರಿಗಳನ್ನೆಲ್ಲ ಎತ್ತಿಕೊಳ್ಳುವ ಹುಡುಗ ಇವನು. ಅಲರ್ಜಿಯ ತುರಿಕೆ ಚರ್ಮವನ್ನು ಒಡೆಯುತ್ತದೆ, ಒಡೆದ ಚರ್ಮ ಇನ್ನೊಂದು ಅಪಾಯಕ್ಕೆ ದಾರಿ ಬಿಡುತ್ತದೆ. ಎರಡನ್ನೂ ಸೇರಿಸಿ ಅವನಿಗೆ ಹೇಳಿದೆ. ಉಗುರು ಕತ್ತರಿಸಿದೆ. ಗೀರು ಮಾಯುವವರೆಗೆ ಯಾವ ನಾಯಿಗೂ ಆ ಕೈ ಕೊಡಬಾರದು.

ನವೆಂಬರ್ 24, ಸೋಮವಾರ

ಅಲರ್ಜಿಯ ಡಾಕ್ಟರಿಗೆ ತೋರಿಸಲು ಶಿವಮೊಗ್ಗಕ್ಕೆ ಹೋಗಿ ಬಂದೆವು. ಚರ್ಮದ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ತುರಿಕೆಗೆ ಕೊಡುತ್ತಿದ್ದ ಸೆಟಿರಿಜಿನ್ ಮಾತ್ರೆಯನ್ನು ಮೊದಲೇ ನಿಲ್ಲಿಸಿದ್ದೆವು. ಡಾಕ್ಟರಮ್ಮ ತಾಳ್ಮೆಯವರು; ಮಗನನ್ನೇ ಕೂರಿಸಿಕೊಂಡು ಮಾತಾಡಿದರು. ಮುಂಗೈಮೇಲೆ ಸಾಲಾಗಿ ಹನಿ ಇಟ್ಟು ಒಂದೊಂದರ ಮೇಲೂ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಒಂದು ಹನಿ ಬರಿಯ ಉಪ್ಪುನೀರು, ಒಂದು ಹಿಸ್ಟಮಿನ್, ಉಳಿದವು ಧೂಳಿನ ನುಸಿ, ಜಿರಲೆ, ಬೆಕ್ಕು, ನಾಯಿ. ಹದಿನೈದು ನಿಮಿಷ ಕೈ ಅಲ್ಲಾಡಿಸದೆ ಕೂರಬೇಕು. ಉಪ್ಪುನೀರಿನ ಗುರುತಿಗಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಾಗಿ ಉಬ್ಬಿದರೆ ಅಲರ್ಜಿ ಎಂದು ಲೆಕ್ಕ. ನುಸಿಯದ್ದು ಚೆನ್ನಾಗಿ ಉಬ್ಬಿತು. ನಾಯಿಯದ್ದು ಉಬ್ಬಿತೋ ಇಲ್ಲವೋ ಎನ್ನುವ ಹಾಗೆ.

ಇವರು ಸಮಾಧಾನದ ಉಸಿರು ಬಿಟ್ಟರು. ಡಾಕ್ಟರು ಒಪ್ಪಲಿಲ್ಲ. ಪರೀಕ್ಷೆಯ ಆ ದ್ರವವನ್ನು ಹೆಚ್ಚಾಗಿ ನಾಯಿಯ ಕೂದಲು, ಹೊಟ್ಟಿನಿಂದ ತೆಗೆಯುತ್ತಾರಂತೆ. ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳು ಅದರಲ್ಲಿ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಹಾಗಾಗಿ ನೆಕ್ಕಿದ ಜಾಗದಲ್ಲೇ, ನೆಕ್ಕಿದ ಕೆಲವೇ ನಿಮಿಷದಲ್ಲಿ ಏಳುತ್ತದೆ ಎಂಬ ನಮ್ಮ ಮಾತಿಗೇ ಹೆಚ್ಚು ಬೆಲೆ ಕೊಟ್ಟರು. ರಕ್ತ ತೆಗೆದು ಬೇರೆ ಲ್ಯಾಬಿಗೆ ಕಳಿಸಿದ್ದಾರೆ.

ಬಸ್ಸಿನಲ್ಲಿ ಬರುವಾಗ ಮಗನಿಗೆ ವಿವರಿಸುತ್ತಾ ನನಗೂ ಸ್ಪಷ್ಟವಾಯಿತು. ಕೂದಲಿನ ತಪ್ಪು ಏನೂ ಇಲ್ಲ. ನಾಯಿಯ ನಾಲಗೆಯ ಗ್ರಂಥಿಗಳಲ್ಲಿ ಕ್ಯಾನ್ ಎಫ್ 1 ಎನ್ನುವ ಪ್ರೋಟೀನು ತಯಾರಾಗುತ್ತದೆ. ಮೈ ನೆಕ್ಕಿಕೊಂಡಾಗ ಅದು ತುಪ್ಪಳಕ್ಕೆ ಹತ್ತಿ, ಒಣಗಿ, ಹೊಟ್ಟಿನ ಜೊತೆ ಗಾಳಿಗೆ ಏಳುತ್ತದೆ. ಹಾಸಿಗೆ, ಗೋಡೆಯ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಯಾವುದೋ ಹಂತದಲ್ಲಿ ಮಗನ ಮೈ ಅದನ್ನು ಶತ್ರುವೆಂದು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು ಮಾಡಿಕೊಂಡಿದೆ. ಅದು ಚರ್ಮದ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತದೆ. ಮತ್ತೆ ಜೊಲ್ಲು ತಾಗಿದರೆ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ, ಸಣ್ಣ ರಕ್ತನಾಳಗಳಿಂದ ನೀರು ಸೋರಿ ಚರ್ಮ ಉಬ್ಬುತ್ತದೆ. ಗಟ್ಟಿ ಚರ್ಮದೊಳಗೆ ಪ್ರೋಟೀನು ಸುಲಭವಾಗಿ ಇಳಿಯುವುದಿಲ್ಲ; ಇಸುಬಿನಿಂದ ಒಣಗಿದ್ದು, ಕೆರೆದು ಗೀರಿದ್ದು ದಾರಿ ಬಿಡುತ್ತದೆ. ಆದ್ದರಿಂದಲೇ ಡಾಕ್ಟರು ಮೊದಲು ಬರೆದದ್ದು ಸ್ನಾನವಾದ ಕೂಡಲೇ ಹಚ್ಚಲು ಪೆಟ್ರೋಲಿಯಂ ಜೆಲ್ಲಿ.

"ಕೆಂಚನ ಮೇಲೆ ನನ್ನ ಮೈಗೆ ಯಾಕಮ್ಮ ಸಿಟ್ಟು?" ಎಂದು ಕೇಳಿದ. ಕೆಂಚನ ಮೇಲಲ್ಲ ಪುಟ್ಟ, ಜೊಲ್ಲಿನ ಮೇಲೆ ಅಂದೆ.

ಡಿಸೆಂಬರ್ 7, ಭಾನುವಾರ

ಚಿಕ್ಕಮಾವ ಬಂದಿದ್ದರು. ಕೆಂಚನನ್ನು ಯಾರಿಗಾದರೂ ಕೊಟ್ಟು, ಅಲರ್ಜಿ ಮಾಡದ ಪೂಡಲ್ ತನ್ನಿ, ಇಲ್ಲವೇ ಕೂದಲು ಗಿಡ್ಡ ಇರುವ ಮುಧೋಳ ತನ್ನಿ ಎಂದು ಉಪದೇಶ. ಮುಧೋಳದ ನಾಯಿ ನಮ್ಮ ನಾಡಿನ ಹೆಮ್ಮೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಆದರೆ ಅದಕ್ಕೂ ನಾಲಗೆ ಇದೆಯಲ್ಲ. ಪೂಡಲ್‌ನಂಥ "ಅಲರ್ಜಿ ಇಲ್ಲದ" ತಳಿಗಳ ಕೂದಲನ್ನು ನೆದರ್‌ಲೆಂಡ್ಸ್‌ನಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ ಎಫ್ 1 ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಈ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಮರಿ ಮಾರುವುದು ಅನ್ಯಾಯ. ನಂಬಿ ಕೊಂಡವರು ಆಮೇಲೆ ಆ ಮರಿಯನ್ನು ಏನು ಮಾಡಬೇಕು?

ಮನೆಯಲ್ಲಿ ಹೊಸ ಪದ್ಧತಿ ನಡೆಯುತ್ತಿದೆ. ಕೆಂಚನಿಗೆ ಮಲಗುವ ಕೋಣೆ ಇಲ್ಲ, ಜಗಲಿಯೇ ಜಾಗ. ಅವನ ಗೋಣಿತಾಟನ್ನು ಇವರೇ ಒಗೆಯುತ್ತಾರೆ. ವಾರಕ್ಕೆ ಎರಡು ಸಲ ಬಿಸಿನೀರಿನ ಸ್ನಾನ. ತೊಳೆದ ಮೈಮೇಲೆ ಕೆಲವೇ ದಿನಗಳಲ್ಲಿ ಪ್ರೋಟೀನು ಮತ್ತೆ ಸೇರುವುದರಿಂದ ತಿಂಗಳಿಗೊಮ್ಮೆಯ ಸ್ನಾನದಿಂದ ಪ್ರಯೋಜನವಿಲ್ಲ. ಮಗ ಆಡಿ ಬಂದ ಕೂಡಲೇ ಮೊಣಕೈವರೆಗೆ ಸೋಪು. ಕೆಂಚ ನಾಲಗೆ ಚಾಚಿದರೆ ಮಗ ಎದ್ದು ನಿಂತು ಬೆನ್ನು ತಿರುಗಿಸುತ್ತಾನೆ, ಸುಮ್ಮನೆ ಕೂತರೆ ಬೆನ್ನು ಸವರುತ್ತಾನೆ. ನಾಯಿ ಬೇಗ ಕಲಿಯುತ್ತಿದೆ. ಅತ್ತೆಯೂ ಈಗ ಮುರುಗಲಿಗೆ ಮೊದಲು ಸೋಪು ಹುಡುಕುತ್ತಾರೆ.

ಡಿಸೆಂಬರ್ 18, ಗುರುವಾರ

ವರದಿ ಬಂತು. ಕ್ಯಾನ್ ಎಫ್ 1ಕ್ಕೆ ಅಲರ್ಜಿ ಇದೆ, ಕ್ಯಾನ್ ಎಫ್ 5ಕ್ಕೆ ಇಲ್ಲ. ಈ ಐದನೆಯದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಿಂದ ಬರುವುದು. ಕೆಲವರಿಗೆ ಅದೊಂದೇ ಆಗಿಬರುವುದಿಲ್ಲ. ಅಂಥವರಿಗೆ ಹೆಣ್ಣು ನಾಯಿಯಿಂದ ತೊಂದರೆಯಾಗದೆ ಇರಬಹುದು. ನಮಗೆ ಆ ದಾರಿ ಇಲ್ಲ. ಡಾಕ್ಟರು ಫೋನಿನಲ್ಲಿ ಎಚ್ಚರಿಕೆ ಹೇಳಿದರು: ತುಟಿ ಅಥವಾ ಕಣ್ಣು ಊದಿದರೆ, ಎದೆಯಲ್ಲಿ ಸುಯ್ ಸದ್ದು ಬಂದರೆ, ತಲೆ ಸುತ್ತಿದರೆ ಮಾತ್ರೆ ಕೊಟ್ಟು ಕಾಯಬಾರದು, ನೇರ ಆಸ್ಪತ್ರೆಗೆ. ಚರ್ಮದಲ್ಲಿ ಶುರುವಾದ ಅಲರ್ಜಿ ಕೆಲವು ಮಕ್ಕಳಲ್ಲಿ ಮುಂದೆ ಮೂಗಿಗೆ, ಶ್ವಾಸಕೋಶಕ್ಕೆ ಇಳಿಯುವುದುಂಟು.

ರಾತ್ರಿ ಇವರೂ ನಾನೂ ಮಾತಾಡಿ ತೀರ್ಮಾನ ಮಾಡಿದೆವು. ದದ್ದು ಮಾತ್ರ ಇರುವವರೆಗೆ ಕೆಂಚ ಇಲ್ಲೇ. ಉಬ್ಬಸ ಕಾಣಿಸಿಕೊಂಡರೆ ತಮ್ಮನ ತೋಟಕ್ಕೆ ಕಳಿಸುತ್ತೇವೆ, ತಮ್ಮ ಒಪ್ಪಿದ್ದಾನೆ. ಮಗನಿಗೆ ಇದನ್ನು ಮುಚ್ಚಿಡದೆ ಹೇಳಿದೆ. ಅತ್ತ, ಊಟ ಬಿಟ್ಟ. ಆಮೇಲೆ ತಾನೇ ಎದ್ದು ಮೊಣಕೈಗೆ ಜೆಲ್ಲಿ ಹಚ್ಚಿಕೊಂಡ. ಅಡಿಕೆ ಕೊಯ್ಲು ಮುಗಿದ ಮೇಲೆ ಶಿವಮೊಗ್ಗಕ್ಕೆ ಮತ್ತೆ ಹೋಗಬೇಕು, ಉಸಿರಾಟದ ಪರೀಕ್ಷೆಗೆ.