ಕೇಳಿಸದ ನಾದ

ಮನುಷ್ಯನ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುವುದು. ಆ ಮಿಡಿತವು ತಾಳ ತಪ್ಪಿದವರ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಎಂಬ ಪುಟ್ಟ ಯಂತ್ರವನ್ನಿಟ್ಟು, ಅದರ ತಂತಿಯನ್ನು ರಕ್ತನಾಳದ ಮಾರ್ಗವಾಗಿ ಹೃದಯದೊಳಕ್ಕೆ ಇಳಿಬಿಟ್ಟು, ವಿದ್ಯುತ್ತಿನ ಮೆಲ್ಲನೆಯ ಪೆಟ್ಟುಗಳಿಂದ ಹೃದಯವನ್ನು ಎಚ್ಚರಿಸುತ್ತಿರುವುದು ಈಗ ಮನೆಮನೆಯವರೂ ಬಲ್ಲ ಚಿಕಿತ್ಸೆಯಾಗಿದೆ. ಆದರೆ ಹೃದಯವು ಮಿಡಿದಷ್ಟು ಸಲವೂ ಆ ತಂತಿಯು ಬಳುಕಲೇಬೇಕು. ಬಳುಕಿ ಬಳುಕಿ ಅದು ಬಿರಿಯುವುದುಂಟು. ಅದರ ಗುಂಟ ಸೋಂಕು ಹರಡುವುದುಂಟು. ವರ್ಷಗಟ್ಟಲೆ ಒಳಗಿದ್ದು ಮಾಂಸಕ್ಕೆ ಅಂಟಿಕೊಂಡ ತಂತಿಯನ್ನು ಕೀಳಹೋದಾಗ ಪ್ರಾಣಕ್ಕೇ ಸಂಚಕಾರ ಬರುವುದೂ ಉಂಟು. ಬ್ಯಾಟರಿಯಾದರೋ ಹತ್ತು ವರ್ಷದ ಆಸುಪಾಸಿನಲ್ಲಿ ಬರಿದಾಗಿ, ರೋಗಿಯನ್ನು ಮತ್ತೊಮ್ಮೆ ಶಸ್ತ್ರಕ್ಕೆ ಒಪ್ಪಿಸುವುದು.

ಈ ತೊಡಕು ಚಿಕಿತ್ಸೆಯೊಡನೆಯೇ ಹುಟ್ಟಿದುದು. ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬ 43 ವರ್ಷದ ಗೃಹಸ್ಥನು 1958ನೆಯ ಇಸವಿಯಲ್ಲಿ, ಹೃದಯವು ನಡುನಡುವೆ ನಿಂತು, ದಿನಕ್ಕೆ ಇಪ್ಪತ್ತು ಮೂವತ್ತು ಸಲ ಮೂರ್ಛೆಹೋಗುತ್ತಿದ್ದನು. ಅವನ ಹೆಂಡತಿ ಎಲ್ಸ್ ಮರಿಯಾ ಎಂಬಾಕೆಯು ಶಸ್ತ್ರವೈದ್ಯನಾದ ಓಕೆ ಸೆನ್ನಿಂಗನನ್ನೂ ಯಂತ್ರಜ್ಞನಾದ ರೂನೆ ಎಲ್ಮ್‌ಕ್ವಿಸ್ಟನನ್ನೂ ಬಿಡದೆ ಕಾಡಿದಳು. ಮನುಷ್ಯರ ಮೈಯೊಳಗಿಡಬಹುದಾದ ಯಂತ್ರವು ಇನ್ನೂ ಸಿದ್ಧವಿಲ್ಲವೆಂದು ಅವರು ಹೇಳಿದರೆ, ಹಾಗಾದರೆ ಸಿದ್ಧಪಡಿಸಿರೆಂದು ಆಕೆಯ ಹಟ. ಕಡೆಗೆ ಎಲ್ಮ್‌ಕ್ವಿಸ್ಟನು ಬೂಟುಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿ ಮಾಡಿಕೊಂಡು, ಯಂತ್ರದ ಭಾಗಗಳನ್ನು ರಾಳದಲ್ಲಿ ಎರಕಹೊಯ್ದನು. ಅಕ್ಟೋಬರ್ 8ರಂದು ಮೈಯೊಳಗಿಟ್ಟ ಆ ಯಂತ್ರವು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಬದಲಿಗೆ ಇಟ್ಟುದೂ ಬಹುಕಾಲ ಬಾಳಲಿಲ್ಲ. ಲಾರ್ಸನ್ನನು ಮಾತ್ರ 86 ವರ್ಷ ಬಾಳಿ 2001ರಲ್ಲಿ ತೀರಿಕೊಂಡನು; ವೈದ್ಯನೂ ಯಂತ್ರಜ್ಞನೂ ಅವನಿಗಿಂತ ಮುಂಚೆಯೇ ಗತಿಸಿದ್ದರು. ಅಷ್ಟರೊಳಗೆ ಅವನ ಮೈಯಲ್ಲಿ 26 ಯಂತ್ರಗಳು ಸರದಿಯಿಂದ ಸೇವೆಮಾಡಿದ್ದವು.

ಆ ಮೊದಲ ಯಂತ್ರದ ಬ್ಯಾಟರಿಗೆ ಹೊರಗಿನ ಸುರುಳಿತಂತಿಯೊಂದರಿಂದ, ಚರ್ಮವನ್ನು ಸೀಳದೆಯೇ, ವಿದ್ಯುತ್ತನ್ನು ತುಂಬುವ ಏರ್ಪಾಡಿದ್ದಿತೆಂಬುದು ಸ್ವಾರಸ್ಯದ ಸಂಗತಿ. ಆದರೆ ಅಯಸ್ಕಾಂತದ ಬಲದಿಂದ ಹೀಗೆ ಉಣಿಸಬೇಕಾದರೆ ಒಳಗಿನ ಸುರುಳಿಯು ತಕ್ಕಷ್ಟು ದೊಡ್ಡದಾಗಿರಬೇಕು, ಚರ್ಮಕ್ಕೆ ಹತ್ತಿರವೂ ಇರಬೇಕು. ಯಂತ್ರವು ಅಕ್ಕಿಯ ಕಾಳಿನಷ್ಟಾಗಿ ಎರಡು ಮೂರು ಅಂಗುಲ ಆಳಕ್ಕೆ ಹೋಯಿತೆಂದರೆ ಅದರ ಪಾಲಿಗೆ ದಕ್ಕುವುದು ಅತ್ಯಲ್ಪ.

ಇಲ್ಲಿ ಶಬ್ದವು ನೆರವಿಗೆ ಬರುವುದು. ಬಾವಿಯಲ್ಲಿ ಈಜು ಕಲಿತವರಿಗೆ ಇದರ ಗುಟ್ಟು ಅರ್ಧ ಗೊತ್ತು. ನೀರೊಳಗೆ ಮುಳುಗಿದವನಿಗೆ ಮೆಟ್ಟಿಲ ಮೇಲೆ ನಿಂತವರ ಕೂಗು ಸರಿಯಾಗಿ ಕೇಳಿಸದು. ಆದರೆ ನೀರಿನಲ್ಲಿಯೇ ಯಾರಾದರೂ ಎರಡು ಕಲ್ಲುಗಳನ್ನು ಕುಟ್ಟಿದರೆ ಆ ಸದ್ದು ಕಿವಿಯ ಪಕ್ಕದಲ್ಲೇ ಆದಂತೆ ತೋರುವುದು. ಗಾಳಿಯ ಶಬ್ದವು ನೀರಿನ ಮೇಲ್ಮೈಗೆ ಬಡಿದು ಬಹುಪಾಲು ಹಿಂದಿರುಗುವುದು. ನೀರಿನಲ್ಲಿ ಹುಟ್ಟಿದುದು ಸಲೀಸಾಗಿ ಸಂಚರಿಸುವುದು. ಮನುಷ್ಯನ ಮೈಯೂ ಹೆಚ್ಚು ಪಾಲು ನೀರೇ. ಅದರಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಿಂದ ಹರಿಯುವುದು. ಸೆಕೆಂಡಿಗೆ 20,000 ಕಂಪನಗಳಾಚೆಗೆ ನಮ್ಮ ಕಿವಿಯ ಅಧಿಕಾರವಿಲ್ಲ. ಹತ್ತು ಲಕ್ಷ ಕಂಪನಗಳ ನಾದವನ್ನು ಮೈಯೊಳಕ್ಕೆ ಕಳುಹಿಸಿದರೆ ಅದರ ಒಂದು ಅಲೆಯ ಉದ್ದ ಒಂದೂವರೆ ಮಿಲಿಮೀಟರು ಮಾತ್ರ. ಅಷ್ಟೇ ಕಂಪನಗಳ ರೇಡಿಯೋ ಅಲೆಯು ಗಾಳಿಯಲ್ಲಿ 300 ಮೀಟರ್ ಉದ್ದವಿರುವುದು. ಅಲೆ ಸಣ್ಣದಾದುದರಿಂದಲೇ ಅದನ್ನು ಕಾಳಿನಷ್ಟು ಗುರಿಯ ಮೇಲೆ ಕೂಡಿಸಬಹುದು, ಕಾಳಿನಷ್ಟು ಯಂತ್ರವೂ ಅದನ್ನು ಹಿಡಿಯಬಲ್ಲುದು.

ಹಿಡಿದ ನಾದವನ್ನು ವಿದ್ಯುತ್ತಾಗಿ ಮಾರ್ಪಡಿಸುವ ವಿದ್ಯೆಯು 1880ರಷ್ಟು ಹಿಂದಿನದು. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಪ್ಯಾರಿಸಿನ ಕ್ಯೂರಿ ಸಹೋದರರು ಕಂಡರು. ಮೊದಲನೆಯ ಮಹಾಯುದ್ಧದಲ್ಲಿ ಲಾಂಜವೆನ್ ಎಂಬ ಫ್ರೆಂಚ್ ವಿಜ್ಞಾನಿಯು ಅಂತಹ ಹರಳಿನಿಂದಲೇ ಕಡಲಿನೊಳಕ್ಕೆ ನಾದವನ್ನು ಬಿಟ್ಟು ಜಲಾಂತರ್ಗಾಮಿಗಳನ್ನು ಹುಡುಕುವ ಉಪಾಯವನ್ನು ತೆಗೆದನು. ಗರ್ಭದ ಶಿಶುವನ್ನು ತೋರಿಸುವ ಸ್ಕ್ಯಾನಿಂಗೂ ಅದೇ ಮನೆತನದ ವಿದ್ಯೆ.

ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾನಿಲಯದವರು 2020ರಲ್ಲಿ ಪ್ರಕಟಿಸಿದ ಯಂತ್ರದ ಗಾತ್ರ 1.7 ಘನ ಮಿಲಿಮೀಟರು. ಅದರಲ್ಲಿ ಬ್ಯಾಟರಿಯಿಲ್ಲ. ಇಲಿಯ ಕಾಲಿನ ನರದ ಮೇಲೆ ಕುಳಿತು, ಹೊರಗಿನಿಂದ ಬಂದ ನಾದವನ್ನೇ ಉಂಡು, ಅದು ನರವನ್ನು ಪ್ರಚೋದಿಸಿತು. ಮನುಷ್ಯನ ಹೃದಯದ ಕಥೆಯು ಇಷ್ಟು ಸುಲಭದ್ದಲ್ಲ. ಹೃದಯದ ಎರಡು ಪಕ್ಕಗಳು ಜೊತೆಯಾಗಿ ಮಿಡಿಯದ ರೋಗಿಗಳಲ್ಲಿ ಎಡಗಡೆಗೆ ತಂತಿಯನ್ನೊಯ್ಯಲು ಕೆಲವೊಮ್ಮೆ ಅನುಕೂಲವಾದ ಸಿರೆಯೇ ದೊರೆಯದು. ಅಂಥವರ ಎಡ ಹೃತ್ಕುಕ್ಷಿಯ ಒಳಗೋಡೆಗೆ ಅಕ್ಕಿಕಾಳಿನಂತಹ ಗ್ರಾಹಕವನ್ನು ನೆಟ್ಟು, ಪಕ್ಕೆಲುಬುಗಳ ನಡುವೆ ಚರ್ಮದ ಕೆಳಗಿಟ್ಟ ಪ್ರೇಷಕದಿಂದ ಮಿಡಿತ ಮಿಡಿತಕ್ಕೂ ನಾದವನ್ನು ಕಳುಹಿಸುವ ಕ್ರಮವನ್ನು ಕಂಡುಕೊಂಡರು. 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 17 ರೋಗಿಗಳ ಪೈಕಿ ಮೂವರಿಗೆ ಹೃದಯದ ಹೊರಚೀಲದಲ್ಲಿ ದ್ರವ ತುಂಬಿತು. ತಪ್ಪು ನಾದದ್ದಲ್ಲ, ಗ್ರಾಹಕವನ್ನು ನೆಡುವ ಬಗೆಯದು. ಆದರೆ ಮಲಗಿದ್ದವನಿಗೆ ಆ ಭೇದದಿಂದ ಏನು ಸಮಾಧಾನ? ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ನೆಡುವ ನಳಿಗೆಯನ್ನು ಹೊಸದಾಗಿ ರೂಪಿಸಿದರು. 2025ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ಈ ಚಿಕಿತ್ಸೆಗೆ ಅನುಮತಿಯಿತ್ತಿತು.

ಹೃದಯದ ಎಡಗಡೆಯ ತಂತಿಯು ಹೋಯಿತು. ಬ್ಯಾಟರಿಯು ಹೋಗಲಿಲ್ಲ, ಪಕ್ಕೆಯ ಚರ್ಮದ ಕೆಳಗೆ ಉಳಿಯಿತು, ಅಷ್ಟೆ. ಅದನ್ನೂ ಮೈಯಿಂದ ಹೊರಹಾಕೋಣವೆಂದರೆ ಬೇರೆ ತಾಪತ್ರಯಗಳು. ಎಲುಬು ನಾದವನ್ನು ತಡೆಯುವುದು. ಶ್ವಾಸಕೋಶದ ಗಾಳಿಯು ಬಾವಿಯ ನೀರಿನ ಮೇಲ್ಮೈಯಂತೆಯೇ ಅದನ್ನು ತಿರುಗಿಸಿಬಿಡುವುದು. ಉಸಿರಾಡಿದಂತೆಲ್ಲ ಗುರಿಯೂ ಕದಲುವುದು. ಹೊರಗಿನ ಪ್ರೇಷಕಕ್ಕೂ ಚರ್ಮಕ್ಕೂ ನಡುವೆ ಗಾಳಿಯಿರದಂತೆ ಲೋಳೆಯನ್ನು ಸವರಬೇಕು. ಮೂತ್ರಕೋಶದ ನರವನ್ನೋ ನೋವಿನ ನರವನ್ನೋ ದಿನಕ್ಕೆ ಇಷ್ಟು ಹೊತ್ತೆಂದು ಪ್ರಚೋದಿಸುವುದಾದರೆ ರೋಗಿಯು ಕುಳಿತು ಅದನ್ನು ಹಿಡಿದುಕೊಂಡಾನು. ಹೃದಯವಾದರೋ, ಸ್ನಾನಕ್ಕೆಂದು ಪ್ರೇಷಕವನ್ನು ತೆಗೆದಿಟ್ಟು ಮರೆತರೆ, ಕಾದುಕೊಂಡಿರುವುದಿಲ್ಲ.