ಒಂದೇ ವಿಳಾಸದ ಇಬ್ಬರು ಒಡೆಯರು

ಕಚೇರಿಯ ಕಂಪ್ಯೂಟರುಗಳು ಪರಸ್ಪರ ವ್ಯವಹರಿಸಬೇಕಾದರೆ ಪ್ರತಿಯೊಂದಕ್ಕೂ ತನ್ನದೇ ಆದ ವಿಳಾಸವಿರಬೇಕು. ಐಪಿ ವಿಳಾಸವೆನ್ನುವ ಇದು ಸಾಮಾನ್ಯವಾಗಿ ನಾಲ್ಕು ಸಂಖ್ಯೆಗಳ ಸಾಲು. ಒಂದೊಂದು ಸಂಖ್ಯೆಯೂ 0ಯಿಂದ 255ರೊಳಗಿನದು. 192.168 ಎಂದು ಆರಂಭವಾಗುವ ವಿಳಾಸಗಳನ್ನು 1996ರ ನಿಯಮಪತ್ರವೊಂದು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿರಿಸಿತು. ಇವನ್ನು ಹಂಚುವುದು ರೂಟರಿನ ಕೆಲಸ. ಆದರೆ ಯಂತ್ರವೊಂದಕ್ಕೆ ನಾವೇ ಕೈಯಾರೆ ಸಂಖ್ಯೆಯನ್ನು ಕೊಟ್ಟಿಡಲೂ ಅವಕಾಶವುಂಟು. ಒಂದರ ಅರಿವು ಇನ್ನೊಂದಕ್ಕಿಲ್ಲದೆ ಈ ಎರಡು ಪದ್ಧತಿಗಳೂ ನಡೆದಾಗ ಸಂಕಟ ಹುಟ್ಟುತ್ತದೆ.

ವಿದ್ಯಾರ್ಥಿನಿಲಯವೊಂದರ ಕಚೇರಿಯ ಕಂಪ್ಯೂಟರುಗಳನ್ನು ನಾನು ಆಗಾಗ ನೋಡಿಕೊಡುತ್ತೇನೆ. ಅಲ್ಲಿಗೆ ಯುವತಿಯೊಬ್ಬರು ತಾತ್ಕಾಲಿಕವಾಗಿ ಗುಮಾಸ್ತೆಯಾಗಿ ಬಂದ ಮೇಲೆ ಪ್ರಿಂಟರ್ ಕೈಕೊಡತೊಡಗಿತು. ಶುಲ್ಕದ ರಸೀದಿ ಕೆಲವೊಮ್ಮೆ ಅಚ್ಚಾಗುತ್ತಿತ್ತು, ಕೆಲವೊಮ್ಮೆ ಎಲ್ಲಿಯೋ ಮಾಯವಾಗುತ್ತಿತ್ತು. ಅವರ ಕಂಪ್ಯೂಟರಿನ ಕೇಬಲ್ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿ. ಮರಳಿ ಜೋಡಿಸಿದರೆ ಅದೇ ಗೋಳು. ಇನ್ನು ಸಾಕ್ಷಿ ಏಕೆ? ದೂರಿನ ಪುಸ್ತಕದಲ್ಲಿ ಅವರ ಹೆಸರಿನೊಡನೆ ‘ಕಂಪ್ಯೂಟರ್ ಬಳಸಲು ತಿಳಿಯದವರು’ ಎಂದು ಬರೆಯಲಾಯಿತು. ಅವರ ಸೇವೆಯನ್ನು ಮುಂದುವರಿಸಬೇಕೇ ಎಂಬ ವಿಷಯ ಆ ತಿಂಗಳ ಸಭೆಯ ಮುಂದಿತ್ತು.

ಅವರ ಪರದೆಯಲ್ಲಿ ‘ಇದೇ ವಿಳಾಸವನ್ನು ಮತ್ತೊಂದು ಯಂತ್ರ ಬಳಸುತ್ತಿದೆ’ ಎಂಬ ಎಚ್ಚರಿಕೆ ದಿನವೂ ಮೂಡುತ್ತಿತ್ತಂತೆ. ಇಂಗ್ಲಿಷಿನ ಆ ಸಾಲನ್ನು ಯಾರೂ ಓದಿರಲಿಲ್ಲ. ಅವರ ವಿಳಾಸದ ಕೊನೆಯ ಸಂಖ್ಯೆ 20. ಅವರ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಇನ್ನೊಂದು ಕಂಪ್ಯೂಟರಿನಿಂದ 20ನ್ನು ಪಿಂಗ್ ಮಾಡಿದೆ. ಆಗಲೂ ಉತ್ತರ ಬಂದಿತು! ‘ಎಆರ್‌ಪಿ -ಎ’ ಎಂಬ ಆಜ್ಞೆ ಕೊಟ್ಟಾಗ ಉತ್ತರಿಸಿದ ಯಂತ್ರದ ಹನ್ನೆರಡು ಅಕ್ಷರಗಳ ಗುರುತು ದೊರೆಯಿತು. ಅದು ಪ್ರಿಂಟರಿನ ಹಿಂಬದಿಯ ಚೀಟಿಯಲ್ಲಿದ್ದ ಗುರುತೇ ಆಗಿತ್ತು.

ನಡೆದದ್ದಿಷ್ಟು. ಪ್ರಿಂಟರನ್ನು ಅಳವಡಿಸಿದವರು ಯಾವುದೋ ಕಾಲದಲ್ಲಿ ಅದಕ್ಕೆ 20ನ್ನು ಕೈಯಾರೆ ಕೊಟ್ಟು, ಎಲ್ಲಿಯೂ ಬರೆದಿಡದೆ ಹೋಗಿದ್ದರು. ರೂಟರ್ ಹಂಚುತ್ತಿದ್ದುದು 2ರಿಂದ 254ರವರೆಗೆ. ಹಳೆಯ ಕಂಪ್ಯೂಟರುಗಳು ತಮಗೆ ಮೊದಲು ದೊರೆತ ಸಂಖ್ಯೆಗಳನ್ನೇ ನವೀಕರಿಸಿಕೊಳ್ಳುತ್ತಿದ್ದುದರಿಂದ ಘರ್ಷಣೆ ಇರಲಿಲ್ಲ. ಹೊಸಬರು ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಪ್ರಿಂಟರ್ ಇರುವ ಕೋಣೆಯ ಬೀಗ ತೆಗೆಯುತ್ತಿದ್ದುದು ಆಮೇಲೆ. ಪ್ರಿಂಟರ್ ಆರಿದ್ದ ಹೊತ್ತಿನಲ್ಲಿ 20 ಖಾಲಿಯೆಂದು ಬಗೆದ ರೂಟರ್ ಅದನ್ನು ಅವರಿಗೆ ಕೊಟ್ಟಿತ್ತು. ವಿಳಾಸವನ್ನು ಬಳಸುವ ಮೊದಲು ‘ಇದು ಯಾರದಾದರೂ ಉಂಟೇ’ ಎಂದು ಮೂರು ಸಲ ವಿಚಾರಿಸಬೇಕೆಂದು 2008ರ ನಿಯಮಪತ್ರ 5227 ಹೇಳುತ್ತದೆ. ಆದರೆ ಹಳೆಯ ಉಪಕರಣಗಳೆಲ್ಲಕ್ಕೂ ಈ ಸೌಜನ್ಯವಿಲ್ಲ. ಸಮಯಕ್ಕೆ ಮುಂಚೆ ಬಂದುದೇ ಆಕೆಗೆ ಮುಳುವಾಯಿತೆನ್ನಬೇಕು.

ಪರಿಹಾರಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ರೂಟರಿನ ಹಂಚಿಕೆಯನ್ನು 100ರಿಂದ 199ಕ್ಕೆ ಸೀಮಿತಗೊಳಿಸಿ, 20ನ್ನು ಪ್ರಿಂಟರಿಗೇ ಬಿಟ್ಟು, ಎಲ್ಲ ಕಂಪ್ಯೂಟರುಗಳೂ ಹೊಸ ವಿಳಾಸ ಪಡೆಯುವಂತೆ ಮಾಡಿದೆ. ಯಂತ್ರಗಳನ್ನು ಆರಿಸಿ ಹಚ್ಚಿದರೂ ಕೆಲವೊಮ್ಮೆ ತಾತ್ಕಾಲಿಕ ಶಮನ ಸಿಗುವುದುಂಟು. ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಕೈಯಾರೆ ಕೊಟ್ಟ ವಿಳಾಸಗಳನ್ನು ಬರೆದಿಡಲು ಒಂದು ವಹಿಯನ್ನೂ ತೆರೆಯಿಸಿದೆ.

ಕಾರ್ಯದರ್ಶಿಗಳು ‘ಸರಿ ಹೋಯಿತಲ್ಲ, ಇನ್ನೇನು’ ಎಂದರು. ದೂರಿನ ಪುಸ್ತಕವನ್ನು ತರಿಸಬೇಕೆಂದು ನಾನು ವಿನಂತಿಸಿದೆ. ತುಸು ಹಿಂಜರಿದರೂ, ಆ ಹಳೆಯ ಬರಹದ ಕೆಳಗೆ ದೋಷ ಪ್ರಿಂಟರಿನ ವಿಳಾಸದ್ದೆಂದು ತಮ್ಮ ಕೈಯಿಂದಲೇ ಬರೆದು, ದಿನಾಂಕ ಹಾಕಿ, ಸಹಿ ಮಾಡಿದರು. ಸಭೆಗೆ ಇನ್ನೂ ನಾಲ್ಕು ದಿನಗಳಿದ್ದವು.