ಅಜ್ಜಿಯ ಅಡ್ಡಿಕೆ ಹಿಡಿದು ಗಾಂಧಿಬಜಾರಿಗೆ

ಹೋದ ತಿಂಗಳು ಒಂದು ಶನಿವಾರ ಮಲ್ಲೇಶ್ವರದ ಬ್ಯಾಂಕ್ ಲಾಕರ್‌ನಿಂದ ಅಜ್ಜಿಯ ಒಡವೆ ತೆಗೆದೆವು. ಒಂದು ಜೊತೆ ಬಳೆ, ಒಂದು ಕೆಂಪು ಕಲ್ಲಿನ ಅಡ್ಡಿಕೆ. ಅಜ್ಜಿ ತೀರಿಕೊಂಡು ವರ್ಷವಾಗಿದೆ. ತಂಗಿಯ ಮದುವೆ ಹತ್ತಿರ ಬರ್ತಿದೆ, ಚಿನ್ನದ ರೇಟ್ ಕೇಳಿದರೆ ತಲೆ ತಿರುಗುತ್ತೆ. ಹಳೆಯದನ್ನು ಕರಗಿಸಿ ಹೊಸದು ಮಾಡಿಸೋಣ ಅಂತ ಅಪ್ಪನ ಲೆಕ್ಕ.

"ಬಳೆ ಪರವಾಗಿಲ್ಲ, ನಿಮ್ಮ ತಾತ ಮಾಡಿಸಿದ್ದು. ಅಡ್ಡಿಕೆಯಿಂದ ಏನೂ ಹುಟ್ಟಲ್ಲ" ಅಂದರು ಅಮ್ಮ.

ನಮ್ಮ ಮನೆಯಲ್ಲಿ ಇದು ಹಳೇ ಕಥೆ. 1964ರಲ್ಲಿ ಅಜ್ಜಿ ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದಾಗ ತವರಿನವರು ಮಾಡಿಸಿಕೊಟ್ಟದ್ದು ಆ ಅಡ್ಡಿಕೆ. ಮುಂದೆ ಒಮ್ಮೆ ಅಡವಿಡಲು ಒಯ್ದಾಗ ಚಿನ್ನ ಕಮ್ಮಿ ಅಂತ ಗೊತ್ತಾಯಿತಂತೆ. "ನಿಮ್ಮಪ್ಪ ಕಲಬೆರಕೆ ಕೊಟ್ಟು ಸಾಗಹಾಕಿದ" ಅನ್ನೋ ಮಾತು ಅಲ್ಲಿಂದ ಅತ್ತೆಯ ಬಾಯಲ್ಲಿ ನಿಂತುಬಿಟ್ಟಿತು. ಅಜ್ಜಿ ಅದನ್ನು ಹಾಕಿಕೊಂಡದ್ದನ್ನು ನಾನು ಒಂದು ಸಲವೂ ನೋಡಿಲ್ಲ.

ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದೆ. ಬ್ಯಾಗನ್ನು ಎದೆಗೆ ಅವುಚಿಕೊಂಡೇ ಗಾಂಧಿಬಜಾರಿನ ಹೂವು, ಹಣ್ಣಿನ ಅಂಗಡಿಗಳನ್ನು ದಾಟಿದೆ. ಒಂದು ಅಡ್ಡರಸ್ತೆಯಲ್ಲಿ ವಯಸ್ಸಾದ ಆಚಾರ್ರೊಬ್ಬರು ಈಗಲೂ ಕೆಲಸಕ್ಕೆ ಕೂರುತ್ತಾರೆ.

ಅವರು ಒರೆಗಲ್ಲಿನ ಮೇಲೆ ಅಡ್ಡಿಕೆಯ ಹಿಂಬದಿಯನ್ನು ಉಜ್ಜಿ ಒಂದು ಗೆರೆ ಎಳೆದರು. ಪಕ್ಕದಲ್ಲಿ 22 ಕ್ಯಾರೆಟ್ ಕಡ್ಡಿಯಿಂದ ಇನ್ನೊಂದು ಗೆರೆ. ಎರಡರ ಮೇಲೂ ಒಂದೊಂದು ಹನಿ ಆಸಿಡ್. ಕಡ್ಡಿಯ ಗೆರೆ ಹಾಗೇ ಉಳಿಯಿತು, ನಮ್ಮದು ಮಂಕಾಯಿತು. ಆಮೇಲೆ ಭೂತಗನ್ನಡಿಯಲ್ಲಿ ಕಲ್ಲು ನೋಡಿದರು. ಒಳಗೆ ಗುಂಡನೆಯ ಗುಳ್ಳೆಗಳು. "ಗಾಜಲ್ಲ, ಗಣಿಯದ್ದೂ ಅಲ್ಲ. ಮಾಡಿದ ಕೆಂಪು" ಅಂದರು. ಫ್ರಾನ್ಸಿನ ವೆರ್ನೂಯ್ 1902ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನದಲ್ಲಿ ಇಂಥ ಕೆಂಪುಗಳು ತಯಾರಾಗುತ್ತವೆ. ಮಾರಲು ಹೋದರೆ ಅವಕ್ಕೆ ಹೆಚ್ಚು ಬೆಲೆಯಿಲ್ಲ.

"ಮದುವೆ ಯಾವ ವರ್ಷ?" ಅಂತ ಕೇಳಿದರು.

"ಅರವತ್ನಾಲ್ಕು."

"ಹಾಗಾದ್ರೆ ಸರಿಯಾಗೇ ಇದೆಯಲ್ಲಪ್ಪ. ಆಗ ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲೆ ಮಾಡೋ ಹಾಗೇ ಇರಲಿಲ್ಲ. ನಮ್ಮ ತಂದೆ ಆ ವರ್ಷಗಳಲ್ಲಿ ಬೇರೆ ಕೆಲಸಕ್ಕೆ ಹೋಗ್ತಿದ್ರು."

ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮ ತಂದರು. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡುವಂತಿರಲಿಲ್ಲ. ದೇಶದ ತುಂಬ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1966ರಲ್ಲಿ ಆ ಮಿತಿ ಹೋಯಿತು. ಅಜ್ಜಿಯ ಮದುವೆ ಸರಿಯಾಗಿ ಮಧ್ಯದಲ್ಲಿ ಬಿದ್ದಿತ್ತು.

ಮೆಷಿನ್ ಏನು ಹೇಳುತ್ತೋ ನೋಡೋಣ ಅಂತ ಚಿಕ್ಕಪೇಟೆಗೆ ವಾಪಸ್ ಬಂದು, ನಗರ್ತಪೇಟೆ ಕಡೆಯ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋದೆ. ನಿಮ್ಮ ಮನೆಯಲ್ಲೂ ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆ ಇದ್ದರೆ ಬಿಐಎಸ್ ಮಾನ್ಯತೆ ಇರುವ ಇಂಥ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು. 2023ರಲ್ಲಿ ಸರ್ಕಾರ ತಿಳಿಸಿದ್ದಂತೆ ನಾಲ್ಕು ಒಡವೆಯವರೆಗೆ 200 ರೂಪಾಯಿ. ಮೆಷಿನ್ ಎಕ್ಸ್-ರೇ ಹಾಯಿಸಿ ನೋಡುತ್ತೆ, ಒಡವೆಗೆ ಏನೂ ಆಗಲ್ಲ. ಆದರೆ ಅದು ಓದೋದು ಮೇಲ್ಪದರ ಮಾತ್ರ. ಒಳಗೆ ಅರಗು ತುಂಬಿದ್ದರೆ, ಕಲ್ಲು ಕೂರಿಸಿದ್ದರೆ ಆ ತೂಕ ಕಳೆದೇ ಲೆಕ್ಕ ಹಾಕಬೇಕು.

ಬಳೆ 91.5. ಅಡ್ಡಿಕೆ 58.4. ಹದಿನಾಲ್ಕನ್ನು ಇಪ್ಪತ್ತನಾಲ್ಕರಿಂದ ಭಾಗಿಸಿ ನೋಡಿ, 58.3 ಬರುತ್ತೆ. ಅಜ್ಜಿಯ ಅಪ್ಪ ಮೋಸ ಮಾಡಿರಲಿಲ್ಲ. ಆಗ ಕಾನೂನು ಬಿಟ್ಟಷ್ಟನ್ನು ಪೂರ್ತಿ ಕೊಟ್ಟಿದ್ದರು.

ಅಲ್ಲಿಂದ ಆಟೋ ಹಿಡಿದು ಚಾಮರಾಜಪೇಟೆಗೆ ಹೋದೆ. ತಾತನ ತಂಗಿ ಇನ್ನೂ ಅದೇ ಮನೆಯಲ್ಲಿದ್ದಾರೆ. ನಮಗೆಲ್ಲ ಅವರು ಚಾಮರಾಜಪೇಟೆ ಅಜ್ಜಿ. ರಿಪೋರ್ಟ್ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಗೊತ್ತಿತ್ತು ಕಣೋ. ಆಗ ಪೇಪರಿನಲ್ಲೆಲ್ಲಾ ಬಂದಿತ್ತು. ನಮ್ಮಮ್ಮನ ಎದುರು ಹೇಳೋ ಧೈರ್ಯ ಯಾರಿಗಿತ್ತು?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಾಫಿ ಕುಡಿದೆ. ಹೊರಡುವಾಗ ಅವರೇ ಬ್ಯಾಗಿನಿಂದ ಅಡ್ಡಿಕೆ ತೆಗೆಸಿ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು.

ಅಷ್ಟೇ ತೂಕದ 22 ಕ್ಯಾರೆಟ್ ಚಿನ್ನಕ್ಕೆ ನೂರು ರೂಪಾಯಿ ಬಂದರೆ ಇದಕ್ಕೆ ಬರೋದು ಸುಮಾರು 64. ರಾತ್ರಿ ಅಪ್ಪನಿಗೆ ಲೆಕ್ಕದ ಜೊತೆ ಉಳಿದದ್ದನ್ನೂ ಹೇಳಿದೆ. ಬಳೆ ಮಾತ್ರ ಕೊಡೋಣ ಅಂದರು. ಮದುವೆ ದಿನ ಅಡ್ಡಿಕೆ ತಾನೇ ಹಾಕಿಕೊಳ್ತೀನಿ ಅಂತ ತಂಗಿ ಹೇಳಿದ್ದಾಳೆ. ಚಾಮರಾಜಪೇಟೆ ಅಜ್ಜಿಯನ್ನು ಕರೆದುಕೊಂಡು ಬರೋ ಕೆಲಸ ನನ್ನದು.